ಯಾರೋ ತುಂಬಿಟ್ಟ ನೀರು

"ಮನೆ ನಮ್ದು, ಬಾಗ್ಲು ನಮ್ದು, ಕೀಲಿ ನಮ್ದು. ಒಳಗೆ ಹೋಗಾಕೆ ಯಾರ್ನ ಕೇಳ್ಬೇಕ್ರಿ ನಾನು?"

ಮೆಟ್ಟಿಲ ತುದಿಯಲ್ಲಿ ನಿಂತಿದ್ದ ಭೀಮವ್ವ ಸೊಂಟಕ್ಕೆ ಸಿಕ್ಕಿಸಿದ ಕೀಲಿಗೊಂಚಲನ್ನು ಅಂಗೈಯಿಂದ ಬಡಿದಳು. ಅದು ಝಲ್ ಎಂದಿತು.

"ಒಳಗಿರೋಳನ್ನ ಕೇಳ್ಬೇಕು," ಎಂದಳು ನೇತ್ರಾವತಿ. "ಬಾಡಿಗೆಗೆ ಕೊಟ್ಟ ಮೇಲೆ ಗೋಡೆ ನಿಮ್ದು, ಬಾಗ್ಲು ಆಕೀದು. ಹೇಳ್ದೆ ಕೇಳ್ದೆ ಒಳಗೆ ಹೋದ್ರೆ ನಾವು ಅದನ್ನ ಅತಿಕ್ರಮ ಪ್ರವೇಶ ಅಂತ ಬರೀತೀವಿ. ಮಾಲೀಕರಾದ್ರೂ ಅಷ್ಟೇ."

"ಬರೀರಿ. ಪೆನ್ನು ಬೇಕೇನ್ರಿ?"

ಎಎಸ್‌ಐ ನೇತ್ರಾವತಿ ಇಪ್ಪತ್ತಾರು ವರ್ಷ ಪೊಲೀಸ್ ಇಲಾಖೆಯಲ್ಲಿದ್ದವಳು. ಹೆದರುವವರನ್ನು ನೋಡಿದ್ದಳು, ಹೆದರದಂತೆ ನಟಿಸುವವರನ್ನೂ ನೋಡಿದ್ದಳು. ಈ ಹೆಂಗಸು ಎರಡೂ ಅಲ್ಲ. ತಾನು ಮಾಡಿದ್ದು ತಪ್ಪೆಂದು ಇವಳಿಗೆ ನಿಜಕ್ಕೂ ಅನ್ನಿಸಿರಲಿಲ್ಲ.

ಆವರಗೆರೆಯ ಈ ಮಹಡಿಮನೆಗೆ ಬೀಗ ಹಾಕಿದ್ದಾಗ ಒಳಗೆ ಯಾರೋ ತೆಗೆದ ಮೂರು ಫೋಟೊಗಳನ್ನು, ಇಲ್ಲಿ ಬಾಡಿಗೆಗಿದ್ದ ಸುಧಾಳ ಗಂಡ ಅಂಜನಕುಮಾರ ಸೋಮವಾರ ಹರಿಹರದ ಕೋರ್ಟಿಗೆ ಸಲ್ಲಿಸಿದ್ದ. ಈಗ ಅವನ ಬಳಿಯಿರುವ ಅವರ ಒಂಬತ್ತು ವರ್ಷದ ಮಗಳು ಆಶಾ ಯಾರ ಬಳಿ ಇರಬೇಕೆಂದು ಅದೇ ಕೋರ್ಟು ಶುಕ್ರವಾರ ತೀರ್ಮಾನಿಸಲಿತ್ತು. ಇವತ್ತು ಬುಧವಾರ.

ಸುಧಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ವಯಸ್ಸು ಮೂವತ್ತನಾಲ್ಕು. ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ದಿನಕ್ಕೆ ಅರವತ್ತು ಜನರಿಗೆ ಸೂಜಿ ಚುಚ್ಚಿಯೂ ನಡುಗದ ಆ ಕೈಗಳು ಈಗ ಸೆರಗಿನ ತುದಿಯನ್ನು ಸುತ್ತುತ್ತಿದ್ದವು, ಬಿಡಿಸುತ್ತಿದ್ದವು.

"ಮೇಡಂ, ಸ್ನಾನಕ್ಕೆ ಹೋದಾಗ್ಲೂ ಬಂದಾರೆ ಇವ್ರು," ಎಂದಳು. "ಹೊರಗೆ ಬಂದ್ರೆ ನನ್ನ ಮಂಚದ ಮೇಲೆ ಕೂತಿದ್ರು. ಗೋಡೆ ಸೀಳು ಬಿಟ್ಟೈತೇನೋ ನೋಡಾಕೆ ಬಂದೆ ಅಂದ್ರು."

"ಸೀಳು ಬಿಟ್ಟಿತ್ತಲ್ಲ?"

"ನನ್ನ ಬೀರಿನ ಒಳಗೆ ಗೋಡೆ ಎಲ್ಲೈತ್ರಿ?"

ಭೀಮವ್ವ ಮೂಗು ಮುರಿದಳು. "ಗಂಡ ಬಳ್ಳಾರಿಯಾಗ ಅದಾನೆ, ತಿಂಗ್ಳಿಗೊಮ್ಮೆ ಬರ್ತಾನೆ ಅಂತ ಸುಳ್ಳು ಹೇಳಿ ಮನೆ ಹಿಡಿದೋಳು ನೀನು. ಸುಳ್ಳು ಹೇಳೋರ ಮನೆ ನೋಡ್ಬೇಕಾಗ್ತೈತೆ."

ಗಂಡನನ್ನು ಬಿಟ್ಟು ಬಂದವಳೆಂದು ನಿಜ ಹೇಳಿ ಸುಧಾ ಏಳು ಮನೆ ಕೇಳಿದ್ದಳು. ಎಂಟನೆಯ ಮನೆಗೆ ಬಳ್ಳಾರಿಯ ಗಂಡನನ್ನು ಹುಟ್ಟಿಸಿಕೊಂಡಳು.

ನೇತ್ರಾವತಿ ಫೋಟೊಗಳನ್ನು ಮತ್ತೆ ಹರಡಿದಳು. ಮೊದಲನೆಯದರಲ್ಲಿ ಬಾಗಿಲ ಹಿಂದಿನ ಮೊಳೆಗೆ ತೂಗಿದ ಗಂಡಸಿನ ಅಂಗಿ, ತಿಳಿನೀಲಿ. ಎರಡನೆಯದರಲ್ಲಿ ಹೊಸ್ತಿಲ ಬಳಿ ಗಂಡಸಿನ ಚಪ್ಪಲಿ. ಮನೆಯಲ್ಲಿ ಪರಪುರುಷನಿದ್ದಾನೆ, ಅಲ್ಲಿ ಹೆಣ್ಣುಮಗು ಬೆಳೆಯಬಾರದು ಎಂದು ಅಂಜನಕುಮಾರನ ವಕೀಲರು ಬರೆದಿದ್ದರು.

ಮನೆಯಲ್ಲಿ ಗಂಡಸಿದ್ದಾನೆಂದು ತೋರಲು ಒಂಟಿ ಹೆಂಗಸು ಗಂಡಸಿನ ಅಂಗಿ ನೇತುಹಾಕುತ್ತಾಳೆ, ಚಪ್ಪಲಿ ಇಡುತ್ತಾಳೆ ಎಂದು ಆ ವಕೀಲರಿಗೆ ಗೊತ್ತಿರಲಿಕ್ಕಿಲ್ಲ. ನೇತ್ರಾವತಿಗೆ ಗೊತ್ತಿತ್ತು. ಭೀಮವ್ವನಿಗೂ ಗೊತ್ತಿತ್ತು.

"ಆ ಅಂಗಿ ತೊಟ್ಟೋನ್ನ ಒಂದಿನ ನೋಡಿಲ್ಲ," ಎಂದಳು ಭೀಮವ್ವ. "ವಾರಕ್ಕೊಮ್ಮೆ ತೊಳೆದು ಒಣಗಾಕ್ತಾಳೆ. ಕೊಳೆ ಇದ್ರಲ್ಲವಾ ತೊಳೆಯಾದು! ನಾನು ಕಾಲರ್ ತೆಗೆದು ನೋಡೀನಿ. ಹೊಸ ಅಂಗಿ ಇದ್ದಂಗೆ ಐತೆ. ಲೋಕಿಕೆರೆ ಟೈಲರ್ ಚೀಟಿ ಬ್ಯಾರೆ."

"ನಮ್ಮಪ್ಪಂದು," ಎಂದಳು ಸುಧಾ. "ತೀರಿಕೊಂಡು ಎರಡು ವರ್ಷ ಆತು. ಒಂದೇ ಸಲ ತೊಟ್ಟಿದ್ರು."

ನೇತ್ರಾವತಿ ತಲೆ ಎತ್ತಿದಳು. "ಭೀಮವ್ವನೋರೆ, ಈಗ ಹೇಳಿದ್ದನ್ನೇ ಶುಕ್ರವಾರ ಕೋರ್ಟಿನಾಗ ಹೇಳ್ತೀರೇನು? ಈ ಮನೆಗೆ ಗಂಡಸು ಬರೋದಿಲ್ಲ ಅನ್ನೋಕೆ ನಿಮಗಿಂತ ಒಳ್ಳೆ ಸಾಕ್ಷಿ ಇಲ್ಲ. ಕದ್ದು ನೋಡಿದ್ದು ಒಂದಾದ್ರೂ ಉಪಯೋಗಕ್ಕೆ ಬರ್ಲಿ."

"ನನ್ನ ಮೇಲೆ ದೂರು ಕೊಟ್ಟೋಳಿಗೆ ನಾನು ಸಾಕ್ಷಿ ಹೇಳ್ಬೇಕಾ? ತಲೆ ನೆಟ್ಟಗೈತೇನ್ರಿ ನಿಮ್ದು?"

ಮೂರನೆಯ ಫೋಟೊ ಅಡುಗೆಮನೆಯದು. ಖಾಲಿ ಒಲೆ, ಖಾಲಿ ಕಟ್ಟೆ. ಮಗುವಿಗೆ ಬೇಯಿಸಿ ಹಾಕುವ ಮನೆಯಲ್ಲ ಎಂದು ತೋರಿಸುವುದು ಅದರ ಉದ್ದೇಶ. ಬೆಳಗ್ಗೆಯಿಂದ ನೇತ್ರಾವತಿ ಅದನ್ನು ನಾಲ್ಕು ಸಲ ನೋಡಿದ್ದಳು. ಐದನೆಯ ಸಲ ಅವಳ ಕಣ್ಣು ಒಲೆ ಬಿಟ್ಟು ಮೂಲೆಗೆ ಹೋಯಿತು.

ಮೂಲೆಯಲ್ಲಿ ನಳ. ನಳದ ಬಾಯಿಗೆ ಬಿಳಿ ಅರಿವೆ. ಅದರ ಕೆಳಗೆ ಸ್ಟೀಲಿನ ಕೊಡ. ನೀರು ಬೀಳುತ್ತಿತ್ತು.

"ಸುಧಾ, ನೀನು ಹೋಗುವಾಗ ನಳಕ್ಕೆ ಕೊಡ ಇಟ್ಟು ಹೋಗ್ತೀಯಾ?"

"ಇಲ್ಲ ಮೇಡಂ. ನೀರು ಬರದೇ ಎಂಟು ದಿನ ಆಗಿತ್ತು. ಬಂದೈತೇನೋ ಅಂತ ಬೆಳಗ್ಗೆ ತಿರುವಿ ನೋಡಿ ಹಂಗೇ ಮರೆತು ಹೋಗಿದ್ದೆ." ಅವಳು ನಳದತ್ತ ನೋಡಿದಳು. "ಸಂಜೆ ಬಂದ್ರೆ ಮೂರು ಕೊಡ, ಒಂದು ಬಕೆಟ್ಟು ತುಂಬಿತ್ತು. ನಳ ಬಂದ್ ಮಾಡಿ, ಅರಿವೆ ಬಿಚ್ಚಿ ಒಣಗಾಕಿತ್ತು. ಮನೆ ಅಮ್ಮಾರೇ ತುಂಬಿಟ್ಟಾರೆ ಅಂದ್ಕೊಂಡೆ. ಎಂಟು ತಿಂಗಳಾಗೆ ಇವ್ರು ನನಗೆ ಮಾಡಿದ ಒಂದೇ ಉಪಕಾರ ಅಂತ ಖುಷಿಯಾತು. ಕೆಳಗೆ ಹೋಗಿ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು ಬಂದೆ."

ನೇತ್ರಾವತಿ ಭೀಮವ್ವನತ್ತ ತಿರುಗಿದಳು. "ನೀವೇ ತುಂಬಿದ್ದಾ?"

"ನಾನ್ಯಾಕ ತುಂಬ್ಲಿ?"

"ಹಂಗಾದ್ರೆ ಬಾಳೆಹಣ್ಣು ಯಾಕ ತಗೊಂಡ್ರಿ?"

"ಕೊಟ್ಟಿದ್ದನ್ನ ಬ್ಯಾಡ ಅನ್ನೋಕಾಗ್ತೈತಾ? ಏನೋ ದೇವರ ಪ್ರಸಾದ ಅಂದ್ಕೊಂಡೆ."

ಸುಧಾಳಿಗೆ ಅಂಥ ಹೊತ್ತಿನಲ್ಲೂ ತುಟಿ ಬಿಗಿದು ನಗು ತಡೆಯಬೇಕಾಯಿತು. ಆ ನಗು ಅರ್ಧಕ್ಕೇ ನಿಂತಿತು. ನೇತ್ರಾವತಿ ಅದನ್ನು ಗಮನಿಸಿದಳು.

ಮನೆ ಹೊಕ್ಕು ಫೋಟೊ ತೆಗೆಯಲು ಬಂದವಳು ನೀರು ತುಂಬಿಟ್ಟು ಹೋಗಿದ್ದಾಳೆ. ಬಂದವಳು, ಬಂದವನಲ್ಲ. ಗಂಡಸಾಗಿದ್ದರೆ ನಳ ತಿರುವಿ ನಿಲ್ಲಿಸುತ್ತಿದ್ದ, ಇಲ್ಲವೇ ಹಾಗೇ ಹರಿಯಲು ಬಿಡುತ್ತಿದ್ದ. ಎಂಟು ದಿನಕ್ಕೊಮ್ಮೆ ಬರುವ ನೀರು ಬರಿ ನೆಲಕ್ಕೆ ಬೀಳುವುದನ್ನು ನೋಡಿಕೊಂಡು ನಿಲ್ಲಲು ಈ ಊರಿನ ಕಡೆಯ ಹೆಂಗಸಿಗೆ ಆಗುವುದಿಲ್ಲ, ಅವಳು ಕಳ್ಳತನಕ್ಕೇ ಬಂದಿರಲಿ.

ಅಲ್ಲದೆ, ನೀರು ಬಂದ ಹೊತ್ತು ಯಾರಾದರೂ ಹೇಳಬಲ್ಲ ಹೊತ್ತು.

ಆ ಬೀದಿಗೆ ನೀರು ಬಿಡುವವನು ನೌಮಾನ್. ಸುಧಾಳ ಫೋನಿನಲ್ಲಿ ಬೀದಿಯ ವಾಟ್ಸಾಪ್ ಗುಂಪಿತ್ತು. ನೇತ್ರಾವತಿ ಹಿಂದಕ್ಕೆ ಸರಿಸುತ್ತ ಹೋದಳು. ನವೆಂಬರ್ ಹದಿನೆಂಟು, ಹೋದ ವಾರದ ಮಂಗಳವಾರ. ಒತ್ತಿದಾಗ ದಪ್ಪ ದನಿ ಕೇಳಿತು: "ಅಕ್ಕಾರೇ, ನೀರು ಬಿಟ್ಟೀನಿ, ಜಲ್ದಿ ತುಂಬ್ಕೊಳ್ರಿ. ಆಮೇಲೆ ನನಗೆ ಫೋನ್ ಮಾಡಿ ಬೈಬ್ಯಾಡ್ರಿ." ಬೆಳಗ್ಗೆ ಹನ್ನೊಂದು ಇಪ್ಪತ್ತು. ಹನ್ನೆರಡು ಮುಕ್ಕಾಲಿಗೆ ಇನ್ನೊಂದು: "ಬಂದ್ ಮಾಡಿದೆ."

"ಮಂಗಳವಾರ ಹನ್ನೊಂದು ಇಪ್ಪತ್ತರಿಂದ ಹನ್ನೆರಡು ಮುಕ್ಕಾಲು," ಎಂದಳು ನೇತ್ರಾವತಿ. "ಎಲ್ಲಿದ್ರಿ ಭೀಮವ್ವನೋರೆ?"

ಭೀಮವ್ವನ ಮುಖ ಅರಳಿತು. ಸೊಂಟದ ಚೀಲ ಬಿಚ್ಚಿ, ಎಲೆ ಅಡಿಕೆಯ ನಡುವಿನಿಂದ ನಾಲ್ಕು ಮಡಿಕೆಯ ಕಾಗದದ ಚೂರುಗಳನ್ನು ತೆಗೆದಳು. ಹೆಂಗಸರಿಗೆ ಬಸ್ಸಿನಲ್ಲಿ ಕೊಡುವ ಸೊನ್ನೆ ಟಿಕೆಟ್ಟುಗಳು. ಒಂದನ್ನೂ ಎಸೆದಿರಲಿಲ್ಲ.

"ನೋಡ್ರಿ. ಹರಿಹರಕ್ಕೆ ಹೋಗಿದ್ದೆ, ನಮ್ಮ ತಂಗಿ ಮನೆಗೆ. ಹತ್ತು ಇಪ್ಪತ್ತೈದು ಅಂತ ಅಚ್ಚಾಗೈತೆ. ಬಂದಿದ್ದು ನಾಲ್ಕಕ್ಕೆ, ಅದೂ ಐತೆ. ಈಗೇನಂತೀರಿ?"

ನೇತ್ರಾವತಿ ಟಿಕೆಟ್ಟನ್ನು ಬೆಳಕಿಗೆ ಹಿಡಿದು ಓದಿದಳು. ನಿಜವೇ ಇತ್ತು.

"ಕೀಲಿ?"

"ಕೀಲಿ ನನ್ನ ಸೊಂಟ ಬಿಟ್ಟು ಹೋಗಂಗಿಲ್ಲ. ನಮ್ಮ ಯಜಮಾನ್ರಿಗೂ ಕೊಡಂಗಿಲ್ಲ ನಾನು."

"ಅಂದ್ರೆ ಹನ್ನೊಂದು ಇಪ್ಪತ್ತಕ್ಕೆ ನಿಮ್ಮ ಕೀಲಿ ಹರಿಹರದಾಗಿತ್ತು. ಇನ್ನೊಂದು ಕೀಲಿ ಸುಧಾ ಹತ್ರ, ಲ್ಯಾಬಿನಾಗಿತ್ತು. ಬೀಗ ಒಡೆದಿಲ್ಲ. ಮತ್ತೆ ಬಾಗ್ಲು ಯಾರು ತೆಗೆದ್ರು? ನೌಮಾನನ ನೀರಾ?"

ಕೀಲಿಗೊಂಚಲ ಮೇಲಿದ್ದ ಅಂಗೈ ನಿಧಾನಕ್ಕೆ ಮುಷ್ಟಿಯಾಯಿತು. ಭೀಮವ್ವ ಮೊದಲ ಸಲ ಸುಧಾಳ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದು ನೇತ್ರಾವತಿಗೆ ಸರಿಬರಲಿಲ್ಲ.

ಅವಳು ಫೋಟೊವನ್ನು ಇನ್ನಷ್ಟು ಹತ್ತಿರ ಹಿಡಿದಳು. ನಳದ ಅರಿವೆಯನ್ನು ಎಲ್ಲರೂ ಹುರಿ ಸುತ್ತಿ ಕಟ್ಟುತ್ತಾರೆ. ಇದು ಹಾಗಿರಲಿಲ್ಲ. ಸ್ಕೂಲಿಗೆ ಹೋಗುವ ಹುಡುಗಿಯ ಜಡೆಗೆ ಟೇಪು ಕಟ್ಟಿದಂತೆ ಒಂದು ದೊಡ್ಡ ಕುಣಿಕೆ, ಒಂದು ಸಣ್ಣ ಕುಣಿಕೆ. ಎರಡು ತುದಿಗಳೂ ಗಂಟಿನೊಳಗೆ ಸಿಕ್ಕಿಸಿದ್ದವು.

ಅಡುಗೆಮನೆಯ ಗೋಡೆಯ ಮೇಲೆ ಆಶಾಳ ಫೋಟೊ ಇತ್ತು. ಯೂನಿಫಾರ್ಮಿನಲ್ಲಿ, ಎರಡು ಜಡೆ ಮಡಿಸಿ ಕಟ್ಟಿಕೊಂಡು, ಒಂದು ಹಲ್ಲು ಬಿದ್ದ ನಗು. ಎರಡೂ ಟೇಪುಗಳಲ್ಲಿ ಒಂದು ದೊಡ್ಡ ಕುಣಿಕೆ, ಒಂದು ಸಣ್ಣ ಕುಣಿಕೆ. ತುದಿಗಳು ಕಾಣುತ್ತಿರಲಿಲ್ಲ.

"ಈ ಫೋಟೊ ಯಾವಾಗಿಂದು?"

"ಹೋದ ತಿಂಗಳದು," ಎಂದಳು ಸುಧಾ. ದನಿ ಸಣ್ಣಗಾಗಿತ್ತು.

"ಈ ಜಡೆ ಹಾಕಿದ್ದು ಯಾರು?"

ಭೀಮವ್ವನೇ ಮಾತಾಡಿದಳು. ಮಾತು ಉಗುಳಿದಂತಿತ್ತು.

"ಈಕಿ ಅವ್ವ ಬಂದಿದ್ಲು. ಕೀಲಿ ಆಕಿಗೆ ಕೊಟ್ಟೆ. ನಾ ಬಸ್ಸಿಗೆ ಹೊರಟಿದ್ದೆ, ಬಾಗ್ಲಿಗೆ ಬಂದು ನಿಂತ್ಲು. ಮಗಳು ಹೆಂಗದಾಳೋ ನೋಡ್ಬೇಕು, ಹೇಳಿ ಬಂದ್ರೆ ಒಳಗೆ ಬಿಡಂಗಿಲ್ಲ ಅಂತ ಅತ್ಲು. ಹೋಗಾಗ ಕಿಟಕಿಯಾಗ ಇಟ್ಟು ಹೋಗು ಅಂದೆ. ತಾಯಿಗೆ ಕೀಲಿ ಕೊಡಾಕೆ ಮಗಳನ್ನ ಕೇಳ್ಬೇಕೇನ್ರಿ? ಯಾವ ಪುಸ್ತಕದಾಗ ಐತೆ ಅದು?"

"ಕೇಳ್ಬೇಕಿತ್ತು," ಎಂದಳು ಸುಧಾ. ಇಷ್ಟು ಹೊತ್ತು ಸೆರಗು ಸುತ್ತುತ್ತಿದ್ದ ಕೈಗಳು ನಿಂತಿದ್ದವು. "ಬ್ಯಾರೆ ಯಾರಿಗಾದ್ರೂ ಬಿಡ್ರಿ. ಆಕಿಗೆ ಕೊಡೋ ಮುಂಚೆ ಕೇಳ್ಬೇಕಿತ್ತು."

ಮೆಟ್ಟಿಲಿಳಿಯುವಾಗ ಭೀಮವ್ವ ಹಿಂದಿನಿಂದ ಕೂಗಿದಳು. "ಈ ತಿಂಗಳು ಮುಗಿಯೋದ್ರಾಗೆ ಮನೆ ಖಾಲಿ ಮಾಡ್ಬೇಕು ನೋಡವ್ವ! ಪೊಲೀಸ್ರು ಬರೋ ಮನೆ ನಮ್ದಲ್ಲ!"

*

ಹರಿಹರದ ಬಸ್ಸಿನಲ್ಲಿ ಇಬ್ಬರಿಗೂ ಸೊನ್ನೆ ಟಿಕೆಟ್ಟು. ನೇತ್ರಾವತಿ ಖಾಕಿ ಹಾಕಿರಲಿಲ್ಲ. ಹತ್ತಿ ಸೀರೆಯಲ್ಲಿ ಅವಳು ಯಾರದೋ ಅಕ್ಕನಂತೆ, ಯಾವುದೋ ಸಂಬಂಧ ಕೇಳಲು ಹೊರಟವಳಂತೆ ಕಾಣುತ್ತಿದ್ದಳು.

"ನಿನಗೆ ಗೊತ್ತಿತ್ತು," ಎಂದಳು.

ಸುಧಾ ಕಿಟಕಿಯ ಹೊರಗೆ ನೋಡುತ್ತಿದ್ದಳು. "ಕೋರ್ಟಿನಾಗ ಫೋಟೊ ಕೈಗೆ ಕೊಟ್ಟಾಗ ಗೊತ್ತಾತು. ಅಂಗಿ ನೋಡ್ಲಿಲ್ಲ ನಾನು. ಮೊದಲು ಆ ಗಂಟು ನೋಡಿದೆ. ಹತ್ತನೇ ಕ್ಲಾಸಿನವರೆಗೂ ನನ್ನ ತಲೆ ಮ್ಯಾಲೆ ಇದ್ದ ಗಂಟು ಮೇಡಂ ಅದು."

"ಮತ್ತೆ ದೂರಿನಾಗ ಭೀಮವ್ವನ ಹೆಸರು ಯಾಕ ಬರೆದೆ?"

"ಸುಲಭ ಇತ್ತು. ಅವ್ರು ನನಗೆ ಯಾರೂ ಅಲ್ಲ." ಸೊನ್ನೆ ಟಿಕೆಟ್ಟನ್ನು ಬೆರಳಿಗೆ ಸುತ್ತಿದಳು. "ಅವ್ರು ಬಂದು ಹೋದ್ರೆ ಸಿಟ್ಟು ಬರ್ತೈತೆ, ಅಷ್ಟೇ. ಅವ್ವ ಬಂದು ಹೋಗ್ಯಾಳೆ ಅಂದ್ರೆ ಇನ್ನು ಎಲ್ಲಿ ಬೀಗ ಹಾಕ್ಲಿ ನಾನು?"

ಪೊಲೀಸ್ ಕ್ವಾರ್ಟರ್ಸಿನಲ್ಲಿ ನೇತ್ರಾವತಿಯ ಬೀರಿನ ಎರಡನೆಯ ಕೀಲಿ ಹನ್ನೊಂದು ವರ್ಷ ಅತ್ತೆಯ ಕೊರಳ ಸರದಲ್ಲಿತ್ತು. ಅತ್ತೆ ಏನನ್ನೂ ಕದಿಯಲಿಲ್ಲ. ತೆರೆದು ನೋಡಿ, ಸೀರೆಗಳನ್ನು ತನಗೆ ಬೇಕಾದಂತೆ ಮಡಿಸಿಟ್ಟು ಮುಚ್ಚುತ್ತಿದ್ದಳು. ದಿನಾ ಅಪರಾಧಿಗಳ ಜೇಬು ತಡಕುವ ಎಎಸ್‌ಐಗೆ ಅದನ್ನು ಏನೆಂದು ಕರೆಯಬೇಕೆಂದು ಆ ಹನ್ನೊಂದು ವರ್ಷವೂ ತಿಳಿದಿರಲಿಲ್ಲ.

"ಒಂದು ನೆನಪಿರ್ಲಿ," ಎಂದಳು. "ಆಶಾನ್ನ ನೀನು ಕೋರ್ಟಿನ ಆವರಣದಾಗ ಬಿಟ್ಟು ಬ್ಯಾರೆ ಎಲ್ಲೂ ನೋಡೋ ಹಂಗಿಲ್ಲ ಅಂತ ಆದೇಶ ಐತೆ. ಮೀರಿದ್ರೆ ಶುಕ್ರವಾರ ಅವನಿಗೆ ಬ್ಯಾರೆ ಫೋಟೊ ಬೇಕಾಗೋದಿಲ್ಲ. ಶಾಲೆ ಎಷ್ಟಕ್ಕೆ ಬಿಡ್ತೈತೆ?"

"ನಾಲ್ಕಕ್ಕೆ. ಬಿಟ್ಟ ಮ್ಯಾಲೆ ಒಂದು ತಾಸು ಅವ್ವನ ಹತ್ರ ಇರ್ತಾಳೆ."

"ನಾವು ಮೂರೂವರೆಗೇ ಅಲ್ಲಿಂದ ಹೊರಡ್ತೀವಿ."

ಹೊಳೆಯ ಕಡೆ ಇಳಿಯುವ ಓಣಿಯಲ್ಲಿ ಐದು ಮನೆಗಳ ಸಾಲು. ಮೂರನೆಯದು ಕರಿಯವ್ವನದು. ಗಂಡ ತೀರಿಕೊಂಡ ಮೇಲೆ ಲೋಕಿಕೆರೆಯಿಂದ ಬಂದು ಇಲ್ಲಿದ್ದಳು. ಐದೂ ಮನೆ ಅಳಿಯ ಅಂಜನಕುಮಾರನವು. ಆಗ ಸಂಬಂಧ ಚೆನ್ನಾಗಿತ್ತು.

ಮುಂದಿನ ಬಾಗಿಲಿಗೆ ಹೋಗಬೇಡಿ ಎಂದು ಸುಧಾ ಹೇಳಿದ್ದರಿಂದ ಹಿತ್ತಲಿನಿಂದ ಹೋದರು. ಚಪ್ಪಲಿ ಅಲ್ಲೇ ಬಿಟ್ಟರು. ಅವರನ್ನು ನೋಡಿದ ಕರಿಯವ್ವ ಕೈಯಲ್ಲಿದ್ದ ಮೊರವನ್ನು ನಿಧಾನಕ್ಕೆ ಕೆಳಗಿಟ್ಟಳು. ಅಕ್ಕಿ ಚೆಲ್ಲಲಿಲ್ಲ.

"ಬಂದೇನವ್ವ," ಎಂದಳು ಮಗಳಿಗೆ. "ಬರ್ತೀ ಅಂತ ಗೊತ್ತಿತ್ತು."

"ಹೇಳಿ ಬರ್ಲಿಲ್ಲ ಅಂತ ಸಿಟ್ಟಾ? ನೀನೂ ಹೇಳಿ ಬರ್ಲಿಲ್ಲ."

ಒಂದು ಕೋಣೆ, ಅದರಾಚೆ ಪರದೆ ಹಾಕಿದ ಅಡುಗೆಮನೆ, ಅಷ್ಟೇ ಮನೆ. ನೇತ್ರಾವತಿ ಅಭ್ಯಾಸಬಲದಿಂದ ಮುಂಬಾಗಿಲು ನೋಡಿದಳು. ಹೊರಗಿನಿಂದ ಕೀಲಿ ತಿರುಗಿಸಿದರೆ ತೆರೆಯುವ ಹೊಸ ಲಾಕು. ಒಳಗಿನ ಚಿಲಕ ಇರಬೇಕಾದಲ್ಲಿ ನಾಲ್ಕು ಸ್ಕ್ರೂ ತೂತುಗಳು ಮಾತ್ರ. ಬಾಗಿಲ ಪಕ್ಕ ರುಬ್ಬುವ ಗುಂಡುಕಲ್ಲು.

"ಚಿಲಕ ಎಲ್ಲಮ್ಮ?"

"ತುಕ್ಕು ಹಿಡಿದೈತೆ, ಹೊಸದು ಹಾಕ್ತೀನಿ ಅಂತ ಕಿತ್ಕೊಂಡು ಹೋದ್ರು ಅಳಿಯಂದ್ರು. ಎಂಟು ತಿಂಗಳಾತು." ಕರಿಯವ್ವ ಕಲ್ಲಿನ ಕಡೆ ನೋಡಿದಳು. "ಮಲಗಾಗ ಅದನ್ನ ಉರುಳಿಸಿ ಇಡ್ತೀನಿ. ಅವ್ರು ಬಡಿಯಂಗಿಲ್ಲ. ಬಂದುಬಿಡ್ತಾರೆ. ಒಂದಿನ ಸೀರೆ ಉಡ್ತಿದ್ದೆ, ಬಂದ್ರು. ನಮ್ಮನೆ ಅಲ್ಲವಾ ಅತ್ತೇ ಅಂದ್ರು."

ಸುಧಾಳ ಮುಖದ ಬಿಗಿ ಒಂದು ಕ್ಷಣ ಸಡಿಲವಾಯಿತು. ಮತ್ತೆ ಬಿಗಿಯಾಯಿತು.

"ಅದಕ್ಕೆ ನನ್ನ ಮನೆ ಬಾಗ್ಲು ತೆಗೆದು ಕೊಟ್ಟೆಯಾ ಅವ್ನಿಗೆ?"

"ಫೋನ್ ಕೊಟ್ರು. ಅವಳು ಹೆಂಗದಾಳೋ ನೋಡ್ಕೊಂಡು ಬರ್ರಿ, ಮನೆ ಫೋಟೊ ತೆಗೀರಿ, ಚೆನ್ನಾಗಿದ್ರೆ ಮಗೂನ್ನ ಕಳಿಸ್ತೀನಿ ಅಂದ್ರು. ಇಲ್ಲಾಂದ್ರೆ ಮನೆ ಖಾಲಿ ಮಾಡ್ರಿ ಅಂದ್ರು." ಅವಳು ಮೊರದ ಅಕ್ಕಿಯನ್ನು ಸುಮ್ಮನೆ ಸವರಿದಳು. "ಈ ಮನೆ ಬಿಟ್ರೆ ಆಶಾ ನನಗೆ ಎಲ್ಲಿ ಸಿಗ್ತಾಳವ್ವ? ದಿನಾ ಜಡೆ ಹಾಕ್ತೀನಿ. ದಿನಾ ನಿನ್ನ ಸುದ್ದಿ ಕೇಳ್ತಾಳೆ. ಇಬ್ರೂ ಇಲ್ಲದಂಗಾಗೋದಕ್ಕಿಂತ ಒಬ್ರಾದ್ರೂ ಇರ್ಲಿ ಅಂತ..."

"ಆ ಅಂಗಿ ಯಾರ್ದು?" ನೇತ್ರಾವತಿ ಕೇಳಿದಳು.

ಕರಿಯವ್ವನ ಕೈ ನಿಂತಿತ್ತು.

"ನಮ್ಮೋರ್ದು," ಎಂದಳು. "ಬಾಗ್ಲು ಹಾಕಿದ್ರೆ ಹಿಂದೆ ಅವ್ರೇ ನಿಂತಂಗಿತ್ತು. ಮುಖಕ್ಕೆ ಹಿಡಿದು ನೋಡಿದೆ. ವಾಸನೆ ಇರ್ಲಿಲ್ಲ, ಸಾಬೂನಿಂದೇ ಇತ್ತು. ಅಷ್ಟೊತ್ತಿಗೆ ನಳದಾಗ ನೀರು ಬಂತು. ತುಂಬಿಟ್ಟೆ. ಅವಳು ದುಡಿದು ಬಂದು ಖಾಲಿ ಕೊಡ ನೋಡಬಾರ್ದು ಅಂತ."

ಸುಧಾ ಪರದೆಯ ಕಡೆ ಮುಖ ತಿರುಗಿಸಿಕೊಂಡಳು.

"ಈ ಮಾತು ಕೋರ್ಟಿನಾಗ ಹೇಳ್ತೀರಾ?" ನೇತ್ರಾವತಿ ದನಿ ತಗ್ಗಿಸಿದಳು. "ಅಂಗಿ ನಿಮ್ಮ ಯಜಮಾನ್ರದು ಅಂತ. ಫೋಟೊ ತೆಗೆಸಿದ್ದು ಯಾರು ಅಂತ. ಹೇಳಿದ್ರೆ, ಕೇಳ್ದೆ ಮನೆ ಹೊಕ್ಕ ತಪ್ಪು ನಿಮ್ಮ ಮೇಲೂ ಬರ್ತೈತೆ, ಸುಳ್ಳು ಹೇಳೋದಿಲ್ಲ ನಾನು. ಆದ್ರೆ ಹೇಳ್ದಿದ್ರೆ ಆಶಾ ಇವಳ ಕೈ ತಪ್ತಾಳೆ."

ಕರಿಯವ್ವ ಬಾಯಿ ತೆರೆದಳು.

ಮುಂಬಾಗಿಲ ಲಾಕಿನಲ್ಲಿ ಕೀಲಿ ತಿರುಗಿದ ಸದ್ದಾಯಿತು.

ಅವಳು ಇಬ್ಬರ ತೋಳನ್ನೂ ಹಿಡಿದು ಅಡುಗೆಮನೆಯೊಳಕ್ಕೆ ನೂಕಿ ಪರದೆ ಎಳೆದಳು. ಅರವತ್ತೆಂಟು ವರ್ಷದ ಕೈಯಲ್ಲಿ ಅಷ್ಟು ಬಲವಿದ್ದೀತೆಂದು ನೇತ್ರಾವತಿ ಎಣಿಸಿರಲಿಲ್ಲ. ಹೊರಗೆ ಬಂದು ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಫೋನನ್ನು ರೆಕಾರ್ಡಿಗೆ ಹಾಕಿ ಪರದೆಯ ಸಂದಿಗೆ ಹಿಡಿದಳು.

"ಅದೀರೇನ್ರಿ ಅತ್ತೇ?" ಅಂಜನಕುಮಾರನ ದನಿ ಮೆತ್ತಗಿತ್ತು. ಬೂಟು ಬಿಚ್ಚಿದ ಸದ್ದು ಕೇಳಲಿಲ್ಲ. "ಒಬ್ರೇ ಯಾರ ಜೊತೆ ಮಾತಾಡ್ತೀರಿ? ಓಣಿವರೆಗೂ ಕೇಳಿಸ್ತೈತೆ."

"ಅಕ್ಕಿ ಹಸನ ಮಾಡ್ತಿದ್ದೆ."

"ಮಾಡ್ರಿ ಮಾಡ್ರಿ. ತಗೋರಿ ಇದನ್ನ." ಮಂಚದ ಮೇಲೆ ಲೋಹದ ಚೂರೇನೋ ಬಿತ್ತು. "ಅವಳ ಮನೆ ಕೀಲಿ. ಆವತ್ತು ನೀವು ತಂದು ಕೊಟ್ಟು ಮತ್ತೆ ಒಯ್ದು ಇಟ್ರಲ್ಲ, ಅಷ್ಟರಾಗ ಒಂದು ಮಾಡಿಸಿಟ್ಟಿದ್ದೆ. ಬಾಡಿಗೆ ಮನೆ ಅಮ್ಮನ್ನ ಕೇಳೋದು ಬ್ಯಾಡ. ನಾಳೆ ಹೋಗಿ ಆ ಅಂಗಿ ತಗೊಂಡು ಬರ್ರಿ."

"ಯಾಕ್ರಿ?"

"ಕಾಲರಿನಾಗ ಲೋಕಿಕೆರೆ ಟೈಲರ್ ಚೀಟಿ ಐತಂತೆ. ನೀವೇ ಹೇಳಿದ್ರಲ್ಲ, ಮಾವಂದು ಅಂತ. ಕೋರ್ಟಿನಾಗ ಯಾರಾದ್ರೂ ತೆಗೆದು ನೋಡಿದ್ರೆ? ಫೋಟೊದಾಗ ಇದ್ರೆ ಸಾಕು, ಅಂಗಿ ಇರೋದು ಬ್ಯಾಡ. ಯಾರಾದ್ರೂ ಕೇಳಿದ್ರೆ ಯಾರ್ದೋ ಗೊತ್ತಿಲ್ಲ ಅನ್ರಿ."

ಕತ್ತಲಲ್ಲಿ ಸುಧಾ ಒಂದು ಹೆಜ್ಜೆ ಮುಂದಿಟ್ಟಳು. ನೇತ್ರಾವತಿ ಅವಳ ಮಣಿಕಟ್ಟು ಹಿಡಿದಳು. ತಡವಾಗಿತ್ತು. ಸುಧಾಳ ಪಾದ ನೆಲದ ಮೇಲಿದ್ದ ತುಂಬಿದ ಕೊಡಕ್ಕೆ ತಾಗಿತು. ಕೊಡ ಬೀಳಲಿಲ್ಲ. ಒಮ್ಮೆ ವಾಲಿ ನಿಂತಿತು. ತುಳುಕಿದ ನೀರು ಪರದೆಯ ಕೆಳಗಿನಿಂದ ಹೊರಟು, ನೆಲದ ಇಳಿಜಾರು ಹುಡುಕಿಕೊಂಡು, ಅವನ ಬೂಟಿನ ತುದಿಯವರೆಗೂ ಹೋಯಿತು.

ಅವನು ಕೆಳಗೆ ನೋಡಿದ. ಆಮೇಲೆ ಪರದೆ ನೋಡಿದ.

"ಒಳಗೆ ಯಾರದಾರೆ ಅತ್ತೇ?"

ಕರಿಯವ್ವ ಅವನನ್ನು ದಾಟಿ ಬಾಗಿಲಿಗೆ ಹೋದಳು. ಕುಕ್ಕರಗಾಲಲ್ಲಿ ಕೂತು, ಗುಂಡುಕಲ್ಲನ್ನು ಎರಡೂ ಕೈಯಿಂದ ಉರುಳಿಸಿ ಬಾಗಿಲಿಗೆ ಒತ್ತಿಟ್ಟಳು. ಅವನು ಒಳಗೆ ಬಾರದಿರಲೆಂದು ಎಂಟು ತಿಂಗಳು ಇಟ್ಟ ಕಲ್ಲು. ಈಗ ಅವನು ಒಳಗೇ ಇದ್ದ.

"ಕೇಳ್ದೆ ಒಳಗೆ ಬಂದೆ ಅಂಜನಪ್ಪ," ಎಂದಳು. ಆ ಮನೆಯಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಹೊರಗೆ ಹೋಗೋದು ನನ್ನ ಕೇಳಿ ಹೋಗು."

ನೇತ್ರಾವತಿ ಪರದೆ ಸರಿಸಲು ಕೈ ಎತ್ತಿದಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮೂರು ಸಲ, ಮೆಲ್ಲಗೆ, ಕಾಯುತ್ತ.

"ಅಜ್ಜೀ, ನಾನು. ಬಾಗ್ಲು ತೆಗಿ. ಇವತ್ತು ಸ್ಕೂಲು ಜಲ್ದಿ ಬಿಟ್ರು."

ಆ ಮನೆಗೆ ಬಾಗಿಲು ಬಡಿದು ಬರುವವಳು ಅವಳೊಬ್ಬಳೇ ಇದ್ದಳು.

ಅಂಜನಕುಮಾರ ನಕ್ಕ. ಪರದೆಯ ಹಿಂದೆ ಯಾರಿದ್ದಾರೆಂದು ಅವನಿಗೆ ಈಗ ತಿಳಿದಂತಿತ್ತು. ಜೇಬಿನಿಂದ ಫೋನು ತೆಗೆದು, ಕ್ಯಾಮೆರಾವನ್ನು ಪರದೆಯತ್ತ ಹಿಡಿದ.

"ತೆಗೀರಿ ಅತ್ತೇ," ಎಂದ. "ಮಗಳು ಬಂದಾಳೆ. ಅವರವ್ವ ನೋಡ್ಲಿ."

ಸುಧಾಳ ಮಣಿಕಟ್ಟು ನೇತ್ರಾವತಿಯ ಮುಷ್ಟಿಯಿಂದ ಜಾರಿತು.